ಅವ್ವ ಹೆಸರು ಹೇಳಿದ ದಿನ

ರವಿವಾರ ಪೇಠೆ, ನಾಸಿಕ
19 ಮಾರ್ಚ್ 1972

ಸೌಭಾಗ್ಯವತಿ ಪ್ರೇಮಕ್ಕನಿಗೆ, ನಿನ್ನ ಒಬ್ಬನೇ ತಮ್ಮ ರೇವಣನ ಶರಣು ಶರಣಾರ್ಥಿ.

ಉದ್ದಂಡ ನಮಸ್ಕಾರವನ್ನೇ ಕಳಿಸಬೇಕೆಂದಿದ್ದೆ. ಲಕೋಟೆ ಭಾರವಾಗಿ ನೀನು ಟಪಾಲಿನವನಿಗೆ ದಂಡ ತೆರಬೇಕಾದೀತೆಂದು ಬರಿ ಕೈಮುಗಿದು ಬಿಟ್ಟಿದ್ದೇನೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು, ತಪ್ಪು ನನ್ನದೇ. ಕಾರಣವೇನೆಂದರೆ ನನ್ನ ಎಡಗೈಯ ತೋರುಬೆರಳಿಗೆ ಭಾರತ ಸರ್ಕಾರ ಮಸಿ ಹಚ್ಚಿದೆ. ನೀನು ಬರೆಯುವುದು ಬಲಗೈಯಿಂದಲ್ಲವೇ ಎಂದು ಕೇಳುತ್ತಿ. ಕೇಳಬೇಡ. ಒಂದು ಕೈಗೆ ಸರ್ಕಾರದ ಕೆಲಸ ಬಿದ್ದರೆ ಇನ್ನೊಂದು ಕೈಯೂ ರಜೆ ಹಾಕುತ್ತದೆ.

ಮೊದಲು ಸಂತೋಷದ ಸುದ್ದಿ. ಚಿಕಲಠಾಣಾದ ಕಾರ್ಖಾನೆಯಲ್ಲಿ ಶಿವರಾಯ ಮಾಮಾನ ಕೆಲಸ ಪಕ್ಕಾ ಆಯಿತಂತೆ. ನೀನು ಬರೆಯುವ ಮೊದಲೇ ಮನ್ಮಥಪ್ಪ ಕಾಕಾ ಅಂಗಡಿಯಲ್ಲಿ ಪೇಡೆ ಹಂಚಿದ. ತನ್ನ ಅಭ್ಯರ್ಥಿ ಗೆದ್ದುದಕ್ಕೆ ಒಂದು, ಮಾಮಾನ ಕೆಲಸಕ್ಕೆ ಒಂದು. ಅವ್ವ ಎರಡನ್ನೂ ತಿನ್ನಲಿಲ್ಲ. ಅವಳ ಪಾಲನ್ನೂ ನಾನೇ ತಿಂದೆ. ನಿನ್ನ ಗಂಡನ ಪೇಡೆ ಬಹಳ ಸಿಹಿಯಾಗಿತ್ತು.

ಈಗ ಮುಖ್ಯ ವಿಷಯ. ನೀನು ಔರಂಗಾಬಾದಿನಂಥ ದೊಡ್ಡ ಊರಿನಲ್ಲಿದ್ದರೂ ಓಟು ಹಾಕುವ ಕ್ರಮ ನಿನಗೆ ಸರಿಯಾಗಿ ಗೊತ್ತಿಲ್ಲವೆಂಬ ಸಂಗತಿ ನನ್ನ ಕಿವಿಗೆ ಬಿದ್ದಿದೆ. ಆದ್ದರಿಂದ ಈ ಕಾಗದವನ್ನು ಒಂದು ಪಾಠವೆಂದು ತಿಳಿದು, ತಲೆಯ ಮೇಲೆ ಸೆರಗು ಹೊದ್ದುಕೊಂಡು, ಭಕ್ತಿಯಿಂದ ಓದತಕ್ಕದ್ದು.

ಓಟು ಹಾಕಲು ಮನುಷ್ಯ ಮೊದಲು ಎಲ್ಲಿಯಾದರೂ ಇರಬೇಕು. ಇದು ಕಾಣುವಷ್ಟು ಸುಲಭವಲ್ಲ. ಅಪ್ಪ ತೀರಿದ ಮೇಲೆ ನಾವು ಭಾಲ್ಕಿ ಬಿಟ್ಟು ಕಾಕಾನ ಮನೆಗೆ ಬಂದಾಗ ನನಗೆ ಚಡ್ಡಿಯ ಗುಂಡಿ ಹಾಕಲು ಬರುತ್ತಿರಲಿಲ್ಲ, ನಿನಗೆ ಎರಡು ಜಡೆ. ಅಂದಿನಿಂದ ಅವ್ವ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದಾಳೆ, ಆ ಮನೆಯ ರೊಟ್ಟಿಯನ್ನೆಲ್ಲ ಬಡಿದಿದ್ದಾಳೆ. ಆದರೆ ಮತದಾರರ ಪಟ್ಟಿ ಬರೆಯುವವರು ಬಂದಾಗಲೆಲ್ಲ ಕಾಕಾ ಗಲ್ಲೆಯ ಮೇಲೆ ಕುಳಿತೇ ಹೇಳಿ ಕಳಿಸುತ್ತಿದ್ದ, “ಆಕಿ ಹೆಸರು ಬಿಡ್ರಿ, ಪಾವ್ಣೇರು ಅದಾರ. ಇವತ್ತಲ್ಲ ನಾಳಿ ಊರಿಗೆ ಹೋಗ್ತಾರ.” ಇಷ್ಟು ವರ್ಷ ಇದ್ದು, ಇಷ್ಟು ರೊಟ್ಟಿ ಬಡಿದ ಅತಿಥಿ ಭೂಮಂಡಲದಲ್ಲಿ ಇನ್ನೊಬ್ಬಳಿರಲಾರಳು.

ಹೋದ ವರ್ಷ ನನಗೆ ಇಪ್ಪತ್ತೊಂದು ತುಂಬಿದ್ದೇ ತಡ, ತಹಸೀಲ ಕಚೇರಿಗೆ ಹೋಗಿ ನನಗೊಂದು, ಅವ್ವನಿಗೊಂದು ಅರ್ಜಿ ತಂದೆ. ಹೆಸರು, ವಯಸ್ಸು, ಗಂಡನ ಹೆಸರು, ಮನೆಯ ನಂಬರು, ಇಲ್ಲೇ ಕಾಯಂ ವಾಸ ಎಂಬ ಮಾತು, ಇಷ್ಟೇ ಅದರಲ್ಲಿ ಬರೆಯುವುದು. ನಾನು ಬರೆದೆ, ಅವ್ವ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಖರೆಯೋ ಸುಳ್ಳೋ ನೋಡಲು ಕಾರಕೂನ ಮನೆಗೆ ಬರುತ್ತಾನೆ. ಅವನು ಬಂದ ಗಳಿಗೆಗೆ ಸರಿಯಾಗಿ ನಾನು ಕಾಕಾನ ಮುಂದೆ ನಿಂತು, ಗೋದಾಮಿನಲ್ಲಿ ಬೆಕ್ಕಿನಷ್ಟು ದೊಡ್ಡ ಹೆಗ್ಗಣ ಹೊಕ್ಕಿದೆಯೆಂದು ವರದಿ ಒಪ್ಪಿಸಿದೆ. ಕಾಕಾ ದೊಣ್ಣೆ ಹಿಡಿದು ಅತ್ತ ಹೋದ. ಕಾರಕೂನ ಇತ್ತ, “ಬಾಯಿ, ಇಥೇಚ ರಾಹತಾ ಕಾ?” ಇಲ್ಲೇ ಇರುತ್ತೀರಾ ಎಂದು ಮರಾಠಿಯಲ್ಲಿ ಕೇಳಿದ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಹೌದು. ಇದೇ ನನ್ನ ಮನಿ” ಅಂದಳು. ಕನ್ನಡದಲ್ಲೇ ಅಂದಳು. ಅವನಿಗೆ ತಿಳಿಯಿತು.

ಪಟ್ಟಿಯಲ್ಲಿ ಹೆಸರು ಬಂದದ್ದು ಗೊತ್ತಾದ ದಿನ ಕಾಕಾ ಊಟದ ತಾಟು ಮುಂದೆ ಸರಿಸಿ, “ವೈನಿ, ನಮ್ಮ ಮನಿ ಓಟು ಅಷ್ಟೂ ತಕ್ಕಡಿ ಗುರುತಿಗೆ ಅಂತ ಸಾಹೇಬರಿಗೆ ಮಾತು ಕೊಟ್ಟೀನಿ. ಅವರು ಒಂದು ಮಾತು ಹೇಳಿದ್ರ ಶಿವರಾಯನ ಕೆಲಸ ಪಕ್ಕಾ ಆಗ್ತದ” ಎಂದ.

“ನೋಡೂಣು” ಅಂದಳು ಅವ್ವ.

“ನೋಡೂದೇನದ ಅದರಾಗ?”

“ಗುಪ್ತ ಇರ್ತದಂತ ಮನ್ಮಥಪ್ಪ, ರೇವಣ ಹೇಳ್ಯಾನ. ಹೇಳಬಾರದಂತ.”

ಅವ್ವ ಕಾಕಾನಿಗೆ ಎದುರು ಮಾತಾಡಿದ್ದನ್ನು ನಾನು ಜೀವಮಾನದಲ್ಲಿ ಕೇಳಿದ್ದು ಅದೊಂದೇ ಸಲ. ಕಾಕಾ ನನ್ನನ್ನು ನೋಡಿದ ನೋಟದಲ್ಲಿ ಒಂದು ಪಾಪಡ ಸುಡಬಹುದಿತ್ತು.

ಇನ್ನು ಪಾಠದ ಎರಡನೆಯ ಭಾಗ. ಹಿಂದಿನ ಕೋಣೆಯಲ್ಲಿ ನಾನು ಅಖಿಲ ರವಿವಾರ ಪೇಠೆ ಮತದಾನ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದೆ. ಅಧ್ಯಕ್ಷ ನಾನು, ವಿದ್ಯಾರ್ಥಿನಿ ಅವ್ವ. ಹಗ್ಗಕ್ಕೆ ಜೋಳದ ಚೀಲ ನೇತುಹಾಕಿ ಮರೆ ಮಾಡಿದೆ. ಎಣ್ಣೆಯ ಖಾಲಿ ಡಬ್ಬಿ ಮತಪೆಟ್ಟಿಗೆಯಾಯಿತು, ಬಟ್ಟೆಗೆ ಹಾಕುವ ನೀಲಿ ಮಸಿಯಾಯಿತು, ಬಟಾಟೆ ಕೊರೆದು ಶಿಕ್ಕಾ ಮಾಡಿದೆ. ಕಣದಲ್ಲಿದ್ದ ಅಭ್ಯರ್ಥಿಗಳು ಬದನೆಕಾಯಿ, ಬೆಕ್ಕು ಮತ್ತು ಕಾಕಾನ ಟೋಪಿ. ಅವ್ವ ಮೊದಲ ಸಲ ಮೂವರಿಗೂ ಒತ್ತಿಕೊಂಡು ಬಂದಳು. ಮತ ಕೆಟ್ಟುಹೋಯಿತೆಂದು ನಾನು ತೀರ್ಪು ಕೊಟ್ಟರೆ, “ಒಬ್ಬರಿಗೆ ಒತ್ತಿ ಇನ್ನೊಬ್ಬರಿಗೆ ಬಿಟ್ಟರ ಬ್ಯಾಸರ ಮಾಡ್ಕೊಳ್ಳೂದಿಲ್ಲೇನೊ?” ಎಂದು ಕೇಳಿದಳು. ಒಂದೇ ಚಿತ್ರದ ಮುಂದೆ ಒಂದೇ ಸಲ, ಗೆರೆ ದಾಟದಂತೆ ಒತ್ತಬೇಕು. ಮಸಿ ಇನ್ನೊಂದು ಚಿತ್ರಕ್ಕೆ ತಾಗದಂತೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಬೇಕು. ಯಾರಿಗೂ ತೋರಿಸದೆ ಪೆಟ್ಟಿಗೆಗೆ ಹಾಕಬೇಕು. ಎಲ್ಲವನ್ನೂ ಕಲಿತಳು. ವೀಳ್ಯ ಮಡಚುವವರಿಗಿಂತ ನಾಜೂಕಾಗಿ ಮಡಚಿದಳು.

ಒಂದರಲ್ಲಿ ಮಾತ್ರ ನಪಾಸಾದಳು. ಮೇಜಿನ ಅಧಿಕಾರಿಯಾಗಿ ಕುಳಿತು ನಾನು ದಪ್ಪ ದನಿಯಲ್ಲಿ, “ಗಂಡನ ಹೆಸರು?” ಎಂದೆ.

ಅವ್ವ ಗೋಡೆ ನೋಡಿದಳು.

ನಿನಗೆ ಗೊತ್ತೇ ಇದೆ. ಅಪ್ಪ ಬದುಕಿದ್ದಾಗ “ಇವರು”, ಹೋದ ಮೇಲೆ “ಅವರು”. ರೇಷನ್ ಅಂಗಡಿಯಲ್ಲಿ ಕೂಡ ಪಕ್ಕದಲ್ಲಿ ನಿಂತವರೇ ಅವಳ ಗಂಡನ ಹೆಸರು ಹೇಳಬೇಕು. ಮದುವೆ ಮುಂಜಿವೆಯಲ್ಲಿ ಹೆಂಗಸರು ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳುವುದಿಲ್ಲವೇ, ಹಾಗೆ ಹೇಳು ಎಂದೆ. “ಒಡಪು ಮುತ್ತೈದೇರು ಹಾಕೂದು. ನನಗ ಯಾರು ಕೇಳ್ತಾರೊ ಈಗ?” ಅಂದಳು. ಸರ್ಕಾರ ಕೇಳುತ್ತದೆ ಎಂದೆ. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

ಚುನಾವಣೆಯ ಹಿಂದಿನ ದಿನ ಬೆಳಿಗ್ಗೆ ನಾನು ಚಹಾ ಕುಡಿಯುತ್ತ ಕುಳಿತಿದ್ದೆ. ಅವ್ವ ಒಲೆಯ ಕಡೆ ಮುಖ ಮಾಡಿ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. “ವಿಶ್ವನಾಥಪ್ಪ” ಅಂದಳು.

ಯಾರೋ ಬಾಗಿಲಲ್ಲಿ ಬಂದಿರಬೇಕೆಂದು ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. “ಇಷ್ಟು ಗಟ್ಟಿಗೆ ಹೇಳಿದ್ರ ಸಾಕೇನೊ?” ಎಂದು ಕೇಳಿದಳು. ಸಾಕು ಎಂದೆ. ಸಂಸ್ಥೆಯ ಅಧ್ಯಕ್ಷ ವಿದ್ಯಾರ್ಥಿನಿಯನ್ನು ಅಲ್ಲೇ ಪಾಸು ಮಾಡಿಬಿಟ್ಟ.

ಮೂರನೆಯ ಭಾಗ, ಸಾಕ್ಷಾತ್ ಮತದಾನ. ಕಾಕಾನ ಪ್ರಚಾರದ ಹುಡುಗರಿಗೆ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಬಿಸಿಲೇರಿತ್ತು. ಅವ್ವ ಬಿಳಿ ಇಳಕಲ್ಲ ಸೀರೆ ಉಟ್ಟು ನನ್ನ ಜೊತೆ ಶಾಲೆಗೆ ಬಂದಳು. ಗಂಡಸರ ಸಾಲು ಒಂದು, ಹೆಂಗಸರ ಸಾಲು ಒಂದು, ಒಳಗೆ ಮೇಜು ಒಂದೇ. ಅವ್ವನ ಸರದಿ ಬಂದಾಗ ನಾನು ಬಾಗಿಲಲ್ಲಿದ್ದೆ. ಅಧಿಕಾರಿ ಚೀಟಿ ನೋಡಿ ಹೆಸರು ಕೇಳಿದ. “ಈರಮ್ಮ.” ಗಂಡನ ಹೆಸರು ಕೇಳಿದ. ಅವ್ವ ಸೆರಗು ಸರಿಮಾಡಿಕೊಂಡಳು, ಉಸಿರು ತೆಗೆದುಕೊಂಡಳು, ಎರಡೂ ಸಾಲುಗಳಿಗೆ ಕೇಳಿಸುವ ಹಾಗೆ ಅಪ್ಪನ ಹೆಸರು ಹೇಳಿದಳು.

ಅಧಿಕಾರಿ ಪಟ್ಟಿಯ ಮೇಲೆ ಬೆರಳು ಓಡಿಸಿದ. “ಝಾಲಂ ಬಾಯಿ. ತುಮಚಂ ಮತದಾನ ಝಾಲಂ.”

ನಿಮ್ಮ ಮತ ಆಗಿಹೋಗಿದೆ ಎಂದರ್ಥ. ಅವ್ವ ಎಡಗೈ ಮುಂದೆ ಚಾಚಿದಳು. ಬೆರಳಲ್ಲಿ ಹಿಟ್ಟಿನ ಗುರುತಿತ್ತು, ಮಸಿಯ ಗುರುತಿರಲಿಲ್ಲ. ಅಧಿಕಾರಿ ಕೆಟ್ಟವನಲ್ಲ, ಪಾಪ. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಯಾರೋ ಬಂದು ಈ ಹೆಸರಿನಲ್ಲಿ ಹಾಕಿ ಹೋಗಿದ್ದಾರೆಂದ. ಇಂಥದಕ್ಕೂ ಕಾನೂನಿನಲ್ಲಿ ದಾರಿಯಿದೆ, ಬರೆದುಕೋ. ಹೆಬ್ಬೆಟ್ಟು ಒತ್ತಿಸಿಕೊಂಡು ಬೇರೆ ಮತಪತ್ರ ಕೊಡುತ್ತಾರೆ. ಅದು ಪೆಟ್ಟಿಗೆಗೆ ಬೀಳುವುದಿಲ್ಲ, ಅಧಿಕಾರಿಯ ಕೈಯಲ್ಲಿರುವ ಲಕೋಟೆಗೆ ಹೋಗುತ್ತದೆ.

“ಇದನ್ನ ಎಣಸ್ತಾರೇನಂತ ಕೇಳೊ” ಅಂದಳು ಅವ್ವ. ನಾನು ಮರಾಠಿಯಲ್ಲಿ ಕೇಳಿದೆ. ಇಲ್ಲ ಎಂದು ಅವನು ತಲೆಯಾಡಿಸಿದ. ಆದರೂ ಅವ್ವ ಮರೆಗೆ ಹೋದಳು. ಬಹಳ ಹೊತ್ತು ತೆಗೆದುಕೊಂಡಳು. ಉದ್ದಕ್ಕೆ ಮಡಚಿ, ಅಡ್ಡಕ್ಕೆ ಮಡಚಿ ತಂದು, ಎರಡೂ ಕೈಯಿಂದ ಅಧಿಕಾರಿಗೆ ಕೊಟ್ಟಳು.

ಹೊರಗೆ ಬೇವಿನ ಗಿಡದ ಕೆಳಗೆ ಚಾಂದವಡಕರ ಬಾಯಿ ಬಂದು ಅವ್ವನ ಕೈ ಹಿಡಿದುಕೊಂಡಳು. ಎದುರು ಪಕ್ಷದ ಏಜಂಟಳಾಗಿ ಬೆಳಿಗ್ಗೆಯಿಂದ ಒಳಗೆ ಕುಳಿತಿದ್ದವಳು ಅವಳೇ. ತಾನು ಅವ್ವನ ಮುಖ ಮೊದಲು ನೋಡಿದ್ದರೆ ತಡೆಯುತ್ತಿದ್ದೆನೆಂದು ಪೇಚಾಡಿದಳು. ಬಂದವಳು ತಲೆತುಂಬ ಸೆರಗು ಹೊದ್ದಿದ್ದಳಂತೆ, ಮಾತಿನಲ್ಲಿ ಕನ್ನಡದ ಧಾಟಿಯಿತ್ತಂತೆ. “ನನಗೆ ಆಗಲೇ ವಿಚಿತ್ರ ಅನಿಸಿತ್ತು ಬಾಯಿ” ಎಂದು ಮರಾಠಿಯಲ್ಲಿ ಹೇಳಿದಳು. “ಗಂಡನ ಹೆಸರು ಕೇಳಿದರೆ ನಮ್ಮ ಹೆಂಗಸರು ಹತ್ತು ಸಲ ಸೆರಗು ಕಚ್ಚುತ್ತಾರೆ. ಅವಳು ಹೆಸರು ಕೇಳುವುದರೊಳಗೆ ವಿಶ್ವನಾಥಪ್ಪ ಅಂದುಬಿಟ್ಟಳು. ತಡವರಿಸಲಿಲ್ಲ ಅಂತ ಯಾರ ಮೇಲಾದರೂ ತಕರಾರು ಹಾಕುವುದು ಹೇಗೆ?”

ನಾನು ಅವ್ವನಿಗೆ ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಹೇಳಬೇಕಾಗಿಯೇ ಇರಲಿಲ್ಲ, ಅವಳಿಗೆ ಆಗಲೇ ತಿಳಿದಿತ್ತು.

ಪಾಠ ಮುಗಿಯಿತು. ಆಶೀರ್ವಾದ ಮಾಡುವ ವಯಸ್ಸು ನನ್ನದಲ್ಲ. ಅವ್ವನದನ್ನು ಕಳಿಸೋಣವೆಂದರೆ ಈ ಕಾಗದ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಆದ್ದರಿಂದ ನಿನ್ನ ಮಗನಿಗೆ ಮಾತ್ರ ನನ್ನ ಆಶೀರ್ವಾದ. ಅವನು ದೊಡ್ಡವನಾಗಿ, ಒಂದೇ ಊರಿನಲ್ಲಿ, ತನ್ನದೇ ಹೆಸರಿನಲ್ಲಿ ಓಟು ಹಾಕುವಂತಾಗಲಿ. ಶಿವರಾಯ ಮಾಮಾನ ಪಕ್ಕಾ ಕೆಲಸಕ್ಕೆ ಮತ್ತೊಮ್ಮೆ ಶರಣಾರ್ಥಿ.

ಇಂತು ನಿನ್ನ ತಮ್ಮ,
ರೇವಣಪ್ಪ ವಿಶ್ವನಾಥಪ್ಪ
(ಅಧ್ಯಕ್ಷ, ಮುಚ್ಚಿಹೋದ ಶಿಕ್ಷಣ ಸಂಸ್ಥೆ)

ತಾ.ಕ.: ಶಾಲೆಯಿಂದ ಮನೆಗೆ ಬರುವಾಗ ಅವ್ವ ಅಂದದ್ದು ಇಷ್ಟೇ: “ಗಂಡನ ಹೆಸರು ಹಂಗ ಯಾರೂ ಹೇಳೂದಿಲ್ಲ ರೇವಣ. ಅಪ್ಪನ ಹೆಸರು ಹಂಗ ಹೇಳ್ತಾರ.”

ನಾನು ಕಾಕಾನ ಕಣ್ಣು ತಪ್ಪಿಸಿ ಅವನ ಹೆಂಡತಿ ಪಾರ್ವತಿ ಕಾಕುವನ್ನು ಕೇಳಿದೆ. ಹಿಂದಿನ ರಾತ್ರಿಯ ಬಸ್ಸಿಗೆ ನೀನು ಬಂದದ್ದು, ಮುಂಬಾಗಿಲಿನ ಕೋಣೆಯಲ್ಲಿ ಮಲಗಿದ್ದು, ಓಟು ಹಾಕಿ ಅಲ್ಲಿಂದಲೇ ಬಸ್ಸು ಹಿಡಿದದ್ದು, ಎಲ್ಲವನ್ನೂ ಅವಳು ಕಣ್ಣೀರು ಹಾಕಿ ಹೇಳಿದಳು. ಅವ್ವನಿಗೆ ಮೈಯಲ್ಲಿ ಹುಷಾರಿಲ್ಲ, ಓಟು ಸುಮ್ಮನೆ ಹಾಳಾಗುತ್ತದೆಂದು ಕಾಕಾ ನಿನಗೆ ಹೇಳಿರಬಹುದು. ಹುಷಾರಿಲ್ಲದ ಅವ್ವ ಒಂದು ಗೋಡೆಯ ಆಚೆ ಇದ್ದಳು. ಅವಳಿಗೆ ನೀನೇ ಬಂದು ಕೇಳಿದ್ದರೆ, ನಿನ್ನ ಗಂಡನ ಕೆಲಸಕ್ಕಾಗಿ ತಕ್ಕಡಿಗೇ ಒತ್ತುತ್ತಿದ್ದಳೋ ಏನೋ. ಈಗ ಅದನ್ನು ಯಾರೂ ಹೇಳುವಂತಿಲ್ಲ. ಲಕೋಟೆಯೊಳಗೆ ಏನಿದೆಯೆಂದು ನಾನೂ ಕೇಳಿದೆ. “ಗುಪ್ತ” ಅಂದಳು.

ನಿನ್ನೆ ಅವಳು ತಾನಾಗಿ ನಿನ್ನ ಮಾತು ತೆಗೆದಳು. ಎಂದಾದರೂ ನಿನಗೆ ಕಾಗದ ಬರೆದರೆ ಒಂದು ಮಾತು ಕೇಳಬೇಕಂತೆ: “ಆಕಿ ಬಸ್ಸಿಗೆ ಹೋಗೂ ಮುಂದ ಏನರ ತಿಂದಿದ್ದಳೇನು? ರೊಟ್ಟಿ ಇಲ್ಲೇ ಬಿಸಿ ಇದ್ದವು.”