ಬೀಗಿತ್ತಿಯ ಹಾಡು

ಹೊಸಪೇಟೆ
ತಾ. ೯-೨-೧೯೩೮

ಚಿ. ಸೌ. ತುಂಗಾಳಿಗೆ ನಿನ್ನ ಅವ್ವ ಭೀಮಾಬಾಯಿ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಗಟ್ಟಿಯಾಗಿದ್ದೇವೆ. ನೀನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀ ಎಂದು ನಂಬಿದ್ದೇನೆ, ನಂಬದೆ ಮಾಡುವುದಾದರೂ ಏನು?

ನಿಮ್ಮಪ್ಪ ಮೊನ್ನೆ ಕಂಪ್ಲಿಯಿಂದ ಒಬ್ಬರೇ ಬಂದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಏಳನೇ ತಿಂಗಳಲ್ಲಿ ನಿನ್ನನ್ನು ಕರೆತರಬೇಕು ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದೆವು. ಆದರೆ ನಿಮ್ಮತ್ತೆ ಸೀತಾಬಾಯಿಯವರು ಅಡುಗೆಮನೆಯ ಬಾಗಿಲ ಮರೆಯಿಂದಲೇ, "ನೋಡೋಣಂತ, ಅವಸರೇನದ?" ಎಂದರಂತೆ. ಪಂಚಮಿಗೂ ಇದೇ ಉತ್ತರ, ದೀಪಾವಳಿಗೂ ಇದೇ ಉತ್ತರ. ಮದುವೆಯಾಗಿ ಹೋದವಳು ನೀನು ಇನ್ನೂ ನಮ್ಮ ಹೊಸ್ತಿಲು ತುಳಿದಿಲ್ಲ. ಬಾಣಂತಿ ಕೋಣೆಗೆ ಸುಣ್ಣ ಬಳಿಸಿ ಇಟ್ಟಿದ್ದೇನೆ. ಅದರ ಬಾಗಿಲು ತೆರೆದಾಗೆಲ್ಲ ನನಗೆ ಅಳು ಬರುತ್ತದೆ.

ಇದಕ್ಕೆಲ್ಲ ನನ್ನ ಹಾಡೇ ಕಾರಣ ಎಂದು ನಿಮ್ಮಪ್ಪನ ತೀರ್ಮಾನ. ನಿನ್ನ ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಓಣಿಯ ಹೆಂಗಸರು ಹಾಡಿದರಲ್ಲ, ಆ ಬೀಗರ ಹಾಡು. ಅಳಿಯಂದಿರ ಕಾಕಾ ತಿರುಮಲಾಚಾರ್ಯರು ಅನ್ನಕ್ಕೆ ತುಪ್ಪ ಹಾಕಿಕೊಳ್ಳುವುದಿಲ್ಲ, ತುಪ್ಪಕ್ಕೆ ಅನ್ನ ಹಾಕಿಕೊಳ್ಳುತ್ತಾರೆ ಎಂದು ಬರೆದಿದ್ದೆ. ಅದೇ ಅವರಿಗೆ ನಾಟಿತಂತೆ. ಬೀಗರನ್ನು ಆಡಿಕೊಳ್ಳದ ಮದುವೆಯೂ ಒಂದು ಮದುವೆಯೇ? ಹುಡುಗನ ತಾಯಿಯ ಜಾಗದಲ್ಲಿ ಕೂತ ಅವರ ಹೆಂಡತಿಗೂ ಒಂದು ನುಡಿ ಕಟ್ಟಿದ್ದೆ, ಗಾಡಿ ಹೊಡೆದುಕೊಂಡು ಬಂದ ಎರ್ರಿಯಪ್ಪನಿಗೂ ಕಟ್ಟಿದ್ದೆ. ನಿಮ್ಮತ್ತೆಯ ಗೊಡವೆಗೆ ಮಾತ್ರ ಹೋಗಿರಲಿಲ್ಲ. ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು ಒಳಗೇ ಕೂತ ಮಡಿ ಹೆಂಗಸನ್ನು ಆಡಿಕೊಳ್ಳುವಷ್ಟು ಕೆಟ್ಟವಳಲ್ಲ ನಾನು.

ಇಲ್ಲಿಯ ಕನ್ನಡ ಸಂಘದವರು ನನ್ನ ಹಾಡುಗಳನ್ನು ಪುಸ್ತಕ ಮಾಡುತ್ತಾರಂತೆ. ಸಭೆಯಲ್ಲಿ ಅರ್ಧ ಜನ ತೆಲುಗಿನಲ್ಲೇ ಭಾಷಣ ಮಾಡಿ ಕನ್ನಡ ಉಳಿಯಬೇಕೆಂದರು, ಅದು ಬೇರೆ ಮಾತು. ಹಂಪಯ್ಯ ಮಾಸ್ತರು ದಿನಾ ನಮ್ಮ ಕಟ್ಟೆಯ ಮೇಲೆ ಕೂತು ತಿದ್ದುತ್ತಾರೆ. ತುಪ್ಪ ಎಂದಿದ್ದಲ್ಲಿ ಘೃತ ಎಂದು ಮಾಡಿದ್ದರು. "ಘೃತ ಅಂದ್ರ ಯಾರ ಎಲಿಗೂ ಬೀಳೂದಿಲ್ರೀ ಮಾಸ್ತರ್ರ, ತುಪ್ಪ ಅಂದ್ರ ಬೀಳತದ" ಎಂದೆ. ಹಾಲಿನ ಗಾಳೆಮ್ಮ ಚೆಂಬು ಕೆಳಗಿಟ್ಟು, "ಇವತ್ತು ಯಾರ ಮಾನ ಕಳದೀರಿ ಅವ್ವಾರ?" ಎಂದು ಕೇಳದೆ ಮುಂದಿನ ಮನೆಗೆ ಹೋಗುವುದಿಲ್ಲ. ಊಟವಾದ ಮೇಲೆ ಓಣಿಯ ಹೆಂಗಸರೆಲ್ಲ ಬಂದು ಕೂತು ಹಾಡಿಸಿಕೊಳ್ಳುತ್ತಾರೆ. ನನಗೆ ಇದೆಲ್ಲ ಹಿಗ್ಗಾಗಿಲ್ಲ ಎಂದರೆ ಸುಳ್ಳಾಗುತ್ತದೆ.

ಆದರೂ ನಿನ್ನ ಮುಖಕ್ಕಿಂತ ಪುಸ್ತಕ ದೊಡ್ಡದಲ್ಲ. ತುಪ್ಪದ ನುಡಿ ತೆಗೆದುಹಾಕು ಎಂದರೆ ತೆಗೆಯುತ್ತೇನೆ. ಪುಸ್ತಕವೇ ಬೇಡ ಎಂದರೆ ಅದೂ ಬೇಡ. ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿದು ಬರೆ.

ನಿನ್ನ ಅವ್ವ,
ಭೀಮಾಬಾಯಿ

* * *

ಕಂಪ್ಲಿ
ತಾ. ೧೪-೨-೧೯೩೮

ಅವ್ವನಿಗೆ ತುಂಗಾ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಬಂತು. ತುಪ್ಪದ ನುಡಿ ತೆಗೆಯಬೇಡ. ತಿರುಮಲ ಕಾಕಾ ಅದನ್ನು ಬಂದವರಿಗೆಲ್ಲ ತಾವೇ ಹಾಡಿ ತೋರಿಸಿ, ಅದೇ ನೆವದಲ್ಲಿ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಅವರಿಗೆ ನಾಟಿದೆ ಎಂದು ಅಪ್ಪನಿಗೆ ಹೇಳಿದವರು ಯಾರೋ.

ನಾಟಿದ್ದು ಅತ್ತೆಯವರಿಗೆ. ನಿನ್ನೆ ಅಕ್ಕಿ ಆರಿಸುತ್ತ ನಿನ್ನ ಹಾಡು ಗುನುಗುತ್ತಿದ್ದೆ. ಅವರು ಒಲೆಯ ಮುಂದಿನಿಂದ ಎದ್ದು ಬಂದು ನಿಂತರು. ಬೈಯುತ್ತಾರೆ ಎಂದು ನಾನು ಬಾಯಿ ಮುಚ್ಚಿದೆ. "ಯಾಕ ನಿಲ್ಲಿಸಿದಿ? ಹಾಡು. ನಿಮ್ಮವ್ವ ಎಲ್ಲಾರ್ನೂ ಹಾಡ್ಯಾಳ. ತಿರುಮಲನ್ನ ಹಾಡಿದಳು, ಅವನ ಹೇಣ್ತಿನ್ನ ಹಾಡಿದಳು, ಗಾಡಿ ಹೊಡ್ಯೋ ಎರ್ರಿಯಪ್ಪನ್ನೂ ಬಿಡಲಿಲ್ಲ. ಮದುಮಗನ್ನ ಹಡದಾಕಿ ನಾನು. ನನ್ನ ಹಾಡು ಎಲ್ಲದ?" ಎಂದರು.

ಮದುವೆಯ ದಿನ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಕೂತು ಅವರು ಕೇಳುತ್ತಿದ್ದರಂತೆ ಅವ್ವ. ಒಬ್ಬೊಬ್ಬರ ಹೆಸರು ಬಂದಾಗ ಪಂಕ್ತಿಯೆಲ್ಲ ನಗುತ್ತಿತ್ತು, ಇನ್ನು ನನ್ನದು ಬರುತ್ತದೆ ಎಂದು ಸೆರಗು ಬಾಯಿಗಿಟ್ಟುಕೊಂಡು ಕಾದರಂತೆ. ಅಷ್ಟರಲ್ಲಿ ನೀವು ಹಾಡು ಮುಗಿಸಿ ಆರತಿ ಎತ್ತಿದಿರಿ. "ಸತ್ತವರ್ನ ಹಾಡಾಂಗಿಲ್ಲ, ಅದು ಖರೇ. ನಾ ಸತ್ತೀನೇನ?" ಎಂದು ಕೇಳಿ ಮತ್ತೆ ಒಲೆಯ ಮುಂದೆ ಹೋಗಿ ಕೂತರು.

ಅವರು ಕೆಟ್ಟವರಲ್ಲ. ನನಗೆ ಹುಳಿ ತಿನ್ನಬೇಕೆನಿಸಿದರೆ ಕೇಳುವ ಮೊದಲೇ ಮಾವಿನಕಾಯಿ ಹೆಚ್ಚಿಡುತ್ತಾರೆ. ಮಡಿಯ ವಿಷಯದಲ್ಲಿ ಮಾತ್ರ ಮಾತೇ ಇಲ್ಲ. ಒಣಹಾಕಿದ ಸೀರೆಯ ಕೆಳಗೆ ಬೆಕ್ಕು ಹಾದುಹೋದರೂ ಇನ್ನೊಮ್ಮೆ ಸ್ನಾನ, ಬೆಕ್ಕು ಕೈಗೆ ಸಿಕ್ಕರೆ ಅದರ ಮೇಲೂ ಒಂದು ತಂಬಿಗೆ ನೀರು. ಏನು ಮಾಡಬೇಕೋ ನೀನೇ ಯೋಚಿಸು. ನನಗೂ ಮನೆಗೆ ಬರಬೇಕು ಎನಿಸುತ್ತದೆ ಅವ್ವ, ಭಾಳ ಎನಿಸುತ್ತದೆ.

ನಿನ್ನ ಮಗಳು,
ತುಂಗಾ

* * *

ಹೊಸಪೇಟೆ
ತಾ. ೧೭-೨-೧೯೩೮

ಬೀಗಿತ್ತಿ ಸೀತಾಬಾಯಿಯವರಿಗೆ ಭೀಮಾಬಾಯಿಯ ನಮಸ್ಕಾರಗಳು.

ಇದನ್ನು ತುಂಗಾ ಓದಿ ಹೇಳುತ್ತಾಳೆ. ನೀವು ಕೇಳಿದ ಮಾತನ್ನು ನನಗೆ ಬರೆದು ತಿಳಿಸಿದವಳೂ ಅವಳೇ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ನಿಮ್ಮ ದುಃಖಕ್ಕೆ ಮರ್ಯಾದೆ ಕೊಡುತ್ತಿದ್ದೇನೆ ಎಂದು ತಿಳಿದು ನಿಮ್ಮನ್ನು ಹಾಡಿನಿಂದ ಬಿಟ್ಟೆ. ಹಾಗೆ ಬಿಟ್ಟದ್ದು, ಮಗನ ಮದುವೆಯ ಮನೆಯಲ್ಲಿ ನೀವು ಇಲ್ಲವೇ ಇಲ್ಲ ಎಂದಂತೆ ಆಯಿತು. ನನ್ನ ಬುದ್ಧಿಗೆ ಅದು ಹೊಳೆಯಲಿಲ್ಲ. ನಾಲಿಗೆ ಉದ್ದವಿದ್ದವರಿಗೆ ಬುದ್ಧಿಯೂ ಅಷ್ಟೇ ಉದ್ದ ಇರಬೇಕೆಂದೇನಿಲ್ಲವಲ್ಲ.

ಮಡಿ ಹೆಂಗಸನ್ನು ಆಡಿಕೊಂಡರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ನಮ್ಮ ಓಣಿಯ ಹೆಂಗಸರು ಈಗಲೂ ಹೇಳುತ್ತಿದ್ದಾರೆ. ಹಂಪಯ್ಯ ಮಾಸ್ತರಂತೂ ಇದು ಅಚ್ಚಿಗೆ ಹೋಗುವ ಮಾತಲ್ಲ ಎಂದು ಪೆನ್ನು ಕೆಳಗಿಟ್ಟರು. ಪಾಪ ಬಂದರೆ ನನಗೆ ಬರಲಿ. ಇದು ನಿಮ್ಮ ನುಡಿ:

ಕಂಪ್ಲಿಯ ಹೊಳಿಯಾಗ ನೀರ್ಯಾಕ ಇಳಿದಾವ
ಬೀಗಿತ್ತಿ ಸೀತವ್ವ ಮಡಿಯುಟ್ಟಾಳ
ಬೆಕ್ಕೊಂದು ಸುಳಿದರ ಮತ್ತೊಮ್ಮೆ ಮಿಂದಾಳ
ಬೆಕ್ಕಿಗೂ ನೀರೆರೆದು ಕಳಿಸ್ಯಾಳ

ಇದು ತುಂಗಾಳನ್ನು ಕಳಿಸಿರಿ ಎಂದು ಕೇಳಲು ಬರೆದ ಕಾಗದವಲ್ಲ. ಅದನ್ನೂ ಇದರಲ್ಲೇ ಕೇಳಿದರೆ ಹಾಡು ಲಂಚವಾಗುತ್ತದೆ. ಕಳಿಸುವುದು ಬಿಡುವುದು ನಿಮಗೆ ಸೇರಿದ್ದು. ಹಾಡು ಮಾತ್ರ ಮದುವೆಯ ದಿನವೇ ನಿಮಗೆ ಸಲ್ಲಬೇಕಾಗಿತ್ತು.

ನಿಮ್ಮ ಬೀಗಿತ್ತಿ,
ಭೀಮಾಬಾಯಿ

* * *

ಕಂಪ್ಲಿ
ತಾ. ೨೧-೨-೧೯೩೮

ಹೊಸಪೇಟಿ ಬೀಗಿತ್ತಿ ಭೀಮಾಬಾಯಿಗೆ ಕಂಪ್ಲಿ ಸೀತಾಬಾಯಿ ಹೇಳಿ ಬರೆಸಿದ್ದು.

ನಿಮ್ಮ ಹಾಡು ಬಂತು. ಅದರಾಗ ಒಂದು ತಪ್ಪದ. ಬೆಕ್ಕಿಗೆ ನಾನು ಬರೇ ನೀರು ಎರಿಯೂದಿಲ್ಲ, ಸೀಗಿಕಾಯಿ ಹಚ್ಚಿ ಎರೀತೀನಿ. ಹಾಡು ಕಟ್ಟಾಕಿ ಬಂದು ನೋಡಿ ಕಟ್ಟಬೇಕು. ನಿಮ್ಮ ಮಾಸ್ತರಗ ಹೇಳ್ರಿ, ಇದು ಪುಸ್ತಕದಾಗ ಬರ್ಲಿಕ್ಕೇ ಬೇಕು. ಪಾಪ ನನಗ ತಟ್ಟಿಲ್ಲ, ಅವರಿಗ್ಯಾಕ ತಟ್ಟತದ?

ನೀವು ಹಾಡು ಬರಿಯೋ ಹೊತ್ತಿನಾಗ ಒಲಿ ಮ್ಯಾಲಿನ ಸಾರು ಹೊತ್ತತದಂತ ನಿಮ್ಮ ಮಗಳೇ ಹೇಳ್ಯಾಳ. ಬಾಣಂತಿಗೆ ಹೊತ್ತಿದ ಸಾರು ಹಾಕಬ್ಯಾಡ್ರಿ. ಶುಕ್ರವಾರ ಬಿಟ್ಟು ಮರುದಿನ ಎರ್ರಿಯಪ್ಪ ಗಾಡಿ ಕಟ್ಟತಾನ. ಹುಡುಗಿನ್ನ ಕಳಸ್ತೀನಿ.

ಸೀತಾಬಾಯಿ

ತಾ.ಕ.: ಅವ್ವ, ಇದು ನಾನು ತುಂಗಾ ಬರೆಯುತ್ತಿರುವುದು, ಅತ್ತೆಯವರಿಗೆ ಗೊತ್ತಿಲ್ಲ. ಹಾಡು ಓದಿದಾಗ ಅವರು ಬೆಕ್ಕಿನ ಮಾತಿಗೆ ನಗಲೇ ಇಲ್ಲ. "ಎರಡನೇ ಸಾಲು ಇನ್ನೊಮ್ಮೆ ಓದು" ಎಂದರು. ಓದಿದೆ. ಮತ್ತೂ ಒಮ್ಮೆ ಓದಿಸಿದರು. ಮಾವನವರು ತೀರಿಕೊಂಡ ಮೇಲೆ ಈ ಮನೆಯಲ್ಲಿ ಎಲ್ಲರೂ ಅವರನ್ನು ಮಡಿಯವರು ಎಂದೇ ಕರೆಯುವುದು, ನಾನೂ ಅವರ ಹೆಸರನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅತ್ತೆಯ ಹೆಸರು ಹಿಡಿಯುವುದು ಹೇಗೆಂದು ಅಂಜಿ ಆ ಸಾಲನ್ನು ತಗ್ಗಿದ ದನಿಯಲ್ಲಿ ಓದುತ್ತಿದ್ದೆ. ಅವರು ಬಾಗಿಲಿನ ಎರಡೂ ಕದ ತೆರೆದು ಬಂದು ಕೂತು, "ಮೆಲ್ಲಕ ಓದಬ್ಯಾಡ, ಓಣಿಗೆಲ್ಲಾ ಕೇಳೂಹಂಗ ಓದು" ಎಂದರು.