ಬೋಟಿಗೆ ಉಡಿ ತುಂಬಿದ್ದು

ಬೈಲಹೊಂಗಲ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಶೀತಲವ್ವಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ನಿದ್ದೆ ಸರಿಯಾಗಿ ಬರುತ್ತದೆಯೇ, ಇಲ್ಲಾ ಒಳಗಿರುವ ಸಾಹೇಬರು ಒದ್ದು ಎಬ್ಬಿಸುತ್ತಾರೆಯೇ? ಸುರೇಬಾನದ ನಿಮ್ಮ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದುಕೊಂಡು ಇಳಿ. ನಿನ್ನ ಅವ್ವ ಬಾಯವ್ವ ನಿನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾಳೆಂದು ಗೊತ್ತು, ಆದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಫೋನು ಇರುವಾಗ ಅತ್ತೆ ಪತ್ರ ಯಾಕೆ ಬರೆದಳೆಂದು ನಗಬೇಡ. ಫೋನಿನಲ್ಲಿ ಈ ಕಡೆ ನಿನ್ನ ಗಂಡ ಕಿವಿ ಚಾಚಿ ಕುಳಿತಿರುತ್ತಾನೆ, ಆ ಕಡೆ ಬೀಗತಿ ಸ್ಪೀಕರ್ ಹಾಕಿರುತ್ತಾಳೆ. ನಾವಿಬ್ಬರೇ ಮಾತಾಡುವುದು ಯಾವಾಗ? ಇಲ್ಲಿ ಎಲ್ಲರೂ ಆರಾಮ. ನಿನ್ನ ಮಾವನವರಿಗೆ ಸ್ವಲ್ಪ ನೆಗಡಿ, ಅಷ್ಟಕ್ಕೇ ಇಡೀ ಓಣಿಗೆ ಕೇಳುವ ಹಾಗೆ ನರಳುತ್ತಾರೆ.

ಹೋದ ವಾರ ನಿನ್ನ ಗಂಡ ನಿಂಗರಾಜ ಊಟಕ್ಕೆ ಕುಳಿತಾಗ, ನೀನು ಅವನಿಗೆ ಹೇಳಿದ್ದನ್ನು ನನಗೆ ಹೇಳಿದ. "ನನ್ನ ಬೋಟ್ ಸಂದೀಪಗ ಕೊಟ್ಟಬಿಡ್ರಿ, ಇನ್ನ ಕೂಸಿನ ತಾಯಿಗೆ ಅದೆಲ್ಲಾ ಯಾಕ ಬೇಕು" ಅಂದೆಯಂತೆ, ನಿಮ್ಮ ಜೊತೆ ಬೋಟು ಓಡಿಸುವ ಸಂಪಗಾಂವದ ಆ ಗೆಳೆಯನಿಗೆ. ಹಂಚಿನ ಮೇಲಿನ ರೊಟ್ಟಿ ಕರಕಾದದ್ದೂ ನನಗೆ ತಿಳಿಯಲಿಲ್ಲ. ಆ ಮಾತು ನಿನ್ನದಲ್ಲ, ಎದುರುಮನೆಯ ಶಟ್ಟೆವ್ವನದು. ಕುಬಸದ ದಿನ ಬಸುರಿಯೆಂದು ನಿನ್ನ ಉಡಿ ತುಂಬಿ ಹಸಿರು ಬಳೆ ಇಡಿಸುವಾಗ, ಬಂದ ಹೆಂಗಸರೆಲ್ಲರ ಮುಂದೆ, "ನಾಳಿ ಕೂಸು ಅಳಕೋತ ಬಿದ್ದಿದ್ರ ಇಕಿ ಕೆರಿ ದಂಡಿಮ್ಯಾಲ ರಿಮೋಟ್ ಹಿಡಕೊಂಡ ನಿಂತಿರತಾಳೇನು" ಎಂದಳಲ್ಲ, ಅದೇ. ಎಲ್ಲರೂ ನಕ್ಕರು, ನೀನೂ ನಕ್ಕೆ. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಂಡೆ ಎಂದು ಈಗ ತಿಳಿಯಿತು. ರಿಮೋಟಿನಿಂದ ಓಡುವ ಆ ಪುಟ್ಟ ಬೋಟನ್ನು ನೀನು ಉಜ್ಜಿ, ಬಣ್ಣ ಬಳಿದು, ವಯರು ಜೋಡಿಸಿ ಕಟ್ಟಿದ್ದನ್ನು ಈ ಮನೆಯಲ್ಲಿ ನನಗಿಂತ ಹೆಚ್ಚು ಕಂಡವರು ಯಾರು? ನನ್ನ ಅಡುಗೆಕಟ್ಟೆಯ ಮೇಲೆ ನೀನು ಬೆಸುಗೆ ಹಾಕಲು ಕುಳಿತರೆ ಒಗ್ಗರಣೆಯ ವಾಸನೆಯೂ ಮೂಗಿಗೆ ಹತ್ತುತ್ತಿರಲಿಲ್ಲ. ಬೈಯುತ್ತಿದ್ದೆ ನಿಜ, ಆದರೆ ಅದು ಬೇರೆಯವರ ಮನೆಗೆ ಹೋಗುತ್ತದೆ ಅಂದಾಗ ತುಂಬ ಕೆಟ್ಟದೆನಿಸಿತು. ಆದರೆ ವಸ್ತು ನಿನ್ನದು, ಮಾತೂ ನಿನ್ನದು. ಬೇಡವೆನ್ನಲು ನಾನು ಯಾರು ಎಂದು ಬಾಯಿ ಮುಚ್ಚಿಕೊಂಡೆ.

ಕೊಡುವುದಾದರೆ ಸರಿಯಾಗಿ ಓಡುವ ಹಾಗೆ ಮಾಡಿ ಕೊಡೋಣ ಎಂದು ನಿನ್ನ ಗಂಡ ಹಟ ಹಿಡಿದ. ನೀನು ಹೋಗುವ ಮುಂಚೆ ಹಾಕಿದ ದೊಡ್ಡ ಬ್ಯಾಟರಿ ಹಿಂದೆ ಕುಳಿತು, ಬೋಟು ಜೋರಾಗಿ ಹೊರಟ ಕೂಡಲೇ ಮೂತಿ ಎತ್ತುತ್ತದಲ್ಲ, ಆ ರೋಗ ಇನ್ನೂ ಹೋಗಿರಲಿಲ್ಲ. ನೀನೇ ನನಗೆ ಹೇಳುತ್ತಿದ್ದೆ, "ಮೂತಿ ಎತ್ತಿದ್ರ ಪಲ್ಟಿ ಹೊಡಿತದ ಅತ್ತಿ, ಮೂತಿ ಮುಳುಗಿದ್ರ ಓಟ ಬರೂದಿಲ್ಲ" ಎಂದು. ಇವನು ನೀರು ತಳ್ಳುವ ಹಿಂದಿನ ಫ್ಯಾನು ಬದಲಿಸಿದ, ಫ್ಯಾನಿನ ಕಡ್ಡಿಯನ್ನು ಮೇಲೆ ಕೆಳಗೆ ಮಾಡುವ ಸ್ಕ್ರೂ ತಿರುಗಿಸಿ ತಿರುಗಿಸಿ ಅದರ ತಲೆಯನ್ನೇ ಸವೆಸಿದ. ಶನಿವಾರ ಸಂಪಗಾಂವಕ್ಕೆ ಒಯ್ದು ಸಂದೀಪನ ಹೊಲದ ಹೊಂಡದಲ್ಲಿ ಬಿಟ್ಟು ನೋಡಿದ. ಬಿಟ್ಟಾಗೊಮ್ಮೆ ಅಂಗಾತ ಬಿತ್ತಂತೆ. ಟ್ರ್ಯಾಕ್ಟರಿನ ಟ್ಯೂಬಿನ ಮೇಲೆ ಕುಳಿತು ಕೈಯಿಂದ ನೀರು ತಳ್ಳುತ್ತ ಹೋಗಿ ತರುವ ಕೆಲಸ ಇವನದೇ. ಮನೆಗೆ ಬಂದಾಗ ಚಡ್ಡಿಯಿಂದ ನೀರು ಸೋರುತ್ತಿತ್ತು, ಮುಖ ಮಾತ್ರ ಯುದ್ಧ ಗೆದ್ದು ಬಂದವನ ಹಾಗೆ.

ನಿನ್ನೆ ಭಾನುವಾರ ಅದೇ ಹೊಂಡದಲ್ಲಿ ಬೋಟುಗಳ ಓಟ ಮುಗಿಸಿ ನಿನ್ನ ಬೋಟನ್ನು ಅಲ್ಲಿಯೇ ಸಂದೀಪನಿಗೆ ಒಪ್ಪಿಸಿ ಬರುವುದೆಂದು ಮಾತಾಗಿತ್ತು. ಬೆಳಗ್ಗೆ ಕಡ್ಡಿಗೆ ಗ್ರೀಸು ಹಚ್ಚಿ, ಬ್ಯಾಟರಿ ಕೂಡಿಸಿ, ಇವನು ಸ್ನಾನಕ್ಕೆ ಹೋದ. ಹಸಿರು ಬೋಟು ಮುಚ್ಚಳ ತೆರೆದುಕೊಂಡು ದೇವರ ಕೋಣೆಯ ಮುಂದೆ ಕುಳಿತಿತ್ತು. ನಮ್ಮ ಮನೆಯಿಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಿದ ಪದ್ಧತಿಯೇ ಇಲ್ಲ. ಬೋಟು ಹೆಣ್ಣುಮಗಳಲ್ಲ ಎಂಬುದು ನನಗೂ ಗೊತ್ತು, ನಗುವುದಿದ್ದರೆ ಈಗಲೇ ನಕ್ಕುಬಿಡು. ಖಣದ ತುಂಡಿನಲ್ಲಿ ಅಕ್ಕಿ, ಅರಿಶಿನ ಕೊಂಬು, ಉತ್ತತ್ತಿ, ಅಡಿಕೆ, ಒಂದು ಒಣಕೊಬ್ಬರಿ ಬಟ್ಟಲು ಇಟ್ಟು ಗಟ್ಟಿಯಾಗಿ ಗಂಟು ಕಟ್ಟಿದೆ. ಹಿಂದೆ ಬ್ಯಾಟರಿ, ನಡುವೆ ಮೋಟಾರು, ಜಾಗ ಇದ್ದದ್ದು ಮೂತಿಯ ಒಳಗೆ ಮಾತ್ರ. ಅಲ್ಲಿಯೇ ತುರುಕಿ ಮುಚ್ಚಳ ಹಾಕಿ ಕುಂಕುಮ ಹಚ್ಚಿದೆ. ಇವನು ಬಂದವನೇ, ತೆರೆದು ನೋಡದೆ ಸುತ್ತಲೂ ಟೇಪು ಸುತ್ತಿದ.

ನಾನೂ ಜೊತೆಗೆ ಹೋದೆ. ನೀರಿಗೆ ಬಿಟ್ಟರೆ ಏನು ಕೇಳುತ್ತೀ! ಮೂತಿ ಎತ್ತಲಿಲ್ಲ, ಮುಳುಗಿಸಲೂ ಇಲ್ಲ. ಮೋಟಾರು ತಂಪಾಗಲೆಂದು ನೀನು ಬದಿಯಲ್ಲಿ ಇಟ್ಟ ತೂತಿನಿಂದ ಸಣ್ಣಗೆ ನೀರು ಚಿಮ್ಮಿಸುತ್ತ, ಗುರುತಿಗೆ ತೇಲಿಬಿಟ್ಟ ಕ್ಯಾನುಗಳನ್ನು ಸುತ್ತು ಹಾಕಿ ಸಂದೀಪನ ಬೋಟನ್ನು ಹಿಂದೆ ಹಾಕಿತು. ನಿನ್ನ ಗಂಡ ನೆಲದ ಮೇಲೆ ನಿಲ್ಲಲೇ ಇಲ್ಲ. "ಸ್ಕ್ರೂ ಅರ್ಧಾ ಸುತ್ತ ಇಳಿಸೇನಿ ನೋಡ್ರಿ, ಹೆಂಗ ಕುಂತತಿ" ಎಂದು ಹೋದವರಿಗೆ ಬಂದವರಿಗೆಲ್ಲ ಪಾಠ ಹೇಳಿದ. ಓಟ ಮುಗಿದು ಬ್ಯಾಟರಿ ತೆಗೆಯಲು ಸಂದೀಪ ಮುಚ್ಚಳ ಬಿಚ್ಚಿದ. "ಅವ್ವಾರ, ಇದೇನ್ರಿ, ಬೋಟಿನ್ಯಾಗ ಅಕ್ಕಿ ಕಾಳು?" ಅಂದ. ನಾನು ಸೆರಗು ಬಾಯಿಗೆ ಅಡ್ಡ ಹಿಡಿದೆ. ಗಂಟು ತೆಗೆದು ಬಿಟ್ಟರು, ಅಂಗಾತ ಬಿತ್ತು. ಗಂಟು ಇಟ್ಟು ಬಿಟ್ಟರು, ನೆಟ್ಟಗೆ ಓಡಿತು. ಸಂದೀಪ ನಗು ತಡೆಯಲಾರದೆ ಒಡ್ಡಿನ ಮೇಲೆ ಕುಳಿತೇಬಿಟ್ಟ. ಮೂತಿಗೆ ಅಷ್ಟು ಭಾರ ಬೇಕಾಗಿತ್ತಂತೆ, ಅಲ್ಲಿ ಸೀಸದ ತುಂಡು ಕೂಡಿಸಿದರೂ ನಡೆಯುತ್ತದಂತೆ. ನಿನ್ನ ಗಂಡ ಸ್ಕ್ರೂಡ್ರೈವರನ್ನು ಮೆಲ್ಲಗೆ ಕಿಸೆಯೊಳಗೆ ಬಚ್ಚಿಟ್ಟ.

ಎಲ್ಲರೂ ನಗುವಾಗ ನನಗೆ ಮಾತ್ರ ಕಣ್ಣು ತುಂಬಿತು. ಕಟ್ಟಿದವಳು ಅಲ್ಲಿಲ್ಲದೆ ಅದು ಅಷ್ಟು ಚಂದ ಓಡಬಾರದಿತ್ತು ಅನಿಸಿತು. ಇರಲಿ. ಡಬ್ಬಿಯಲ್ಲಿ ಶೇಂಗಾ ಉಂಡಿ ಇಟ್ಟಿದ್ದೇನೆ, ಎಲ್ಲವನ್ನೂ ತಮ್ಮಂದಿರಿಗೆ ಹಂಚಿ ಕೈ ಒರೆಸಿಕೊಳ್ಳಬೇಡ. ಬೀಗರಿಗೆ, ಬೀಗತಿಗೆ ನಮ್ಮ ಶರಣು ಹೇಳು. ನೀನೂ ಕೂಸೂ ಸುಖವಾಗಿ ಎರಡಾಗಿರಿ, ನಮ್ಮ ಮನೆದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅತ್ತೆ,
ರಾಚವ್ವ

ತಾ.ಕ.: ಡಬ್ಬಿಯನ್ನು ರಾಮದುರ್ಗದ ಬಸ್ಸಿಗೆ ಕೊಡಲು ನಿಂಗರಾಜ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೋಟು ಸಂದೀಪನಿಗೆ ಕೊಡಲಿಲ್ಲ. ಅವನ ಜೀಪಿನೊಳಗೆ ಇಟ್ಟಾಗಿತ್ತು, ನಾನೇ ಇಳಿಸಿಕೊಂಡು ಬಂದೆ. ಬರುವ ಆಗಸ್ಟಿನಲ್ಲಿ ಸವದತ್ತಿಯ ಹಿನ್ನೀರಿನಲ್ಲಿ ಓಟ ಇಡುತ್ತಾರಂತೆ, ನಿನ್ನ ಹೆಸರು ಹಚ್ಚಲು ಹೇಳಿದ್ದೇನೆ. ನಿನಗೆ ನಿಜವಾಗಿ ಬೇಡವಾಗಿದ್ದರೆ ಬಾಣಂತನ ಮುಗಿಸಿ ಬಂದು ನನ್ನ ಮುಖ ನೋಡಿ ಬೇಡವೆನ್ನು, ಕೇಳುತ್ತೇನೆ. ಶಟ್ಟೆವ್ವನ ಬಾಯಿಂದ ಮಾತ್ರ ಬೇಡ. ಆ ದಿನ ಕೂಸು ಅತ್ತರೆ ಅಳಲಿ, ಅದನ್ನು ಎತ್ತಿಕೊಂಡು ನಾನು ನಿನ್ನ ಪಕ್ಕದಲ್ಲಿಯೇ ನಿಂತಿರುತ್ತೇನೆ. ನೀನು ನೀರಿನ ಮೇಲಿನ ಕಣ್ಣು ತೆಗೆಯಬೇಡ.