ಹವಾಯಿ ಸರದಿಯ ಕನ್ಯೆ

ಬಕಾರಾ, ಇಲೋಕೋಸ್
ನವೆಂಬರ್ 21, 1999

ನನ್ನ ಅಮ್ಮನಿಗೆ,

ನಿನ್ನ ಕೈಯನ್ನು ಹಣೆಗೊತ್ತಿಕೊಂಡು ಪೆರ್ಲಿಟಾ ಬರೆಯುತ್ತಿರುವುದು. ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಕಾಗದಗಳೆಲ್ಲ ಬಂದವು. ಉತ್ತರ ಬರಲಿಲ್ಲವೆಂದು ತಮ್ಮ ಡಿಯೊನಿಯ ಕೈಲಿ ಪಕ್ಕದ ಮನೆಗೆ ಫೋನು ಮಾಡಿಸಿ ಬೈಸಿದೆಯಲ್ಲ, ಆ ಬೈಗುಳವೂ ಚಾಚೂ ತಪ್ಪದೆ ಬಂದು ಮುಟ್ಟಿತು. ಏನು ಮಾಡಲಿ, ಬರೆಯಲು ಕೂತರೆ ಮೊದಲ ಸಾಲೇ ಹುಟ್ಟುತ್ತಿರಲಿಲ್ಲ. ಇವತ್ತು ಭಾನುವಾರ. ಚಿಕ್ಕಮ್ಮ ಲಿಬರಾಟಾ ಜೊವಿತಾಳನ್ನು ಕರೆದುಕೊಂಡು ಚರ್ಚಿಗೆ, ಪೂಜೆಗೆ ಹೋಗಿದ್ದಾಳೆ. ನಾನು ಹೋಗಲಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ.

ನೀನು ಕಳಿಸಿದ ಪೆಟ್ಟಿಗೆ ಬಂತು. ಕಾಫಿಪುಡಿ, ಸೋಪು, ಡಬ್ಬಿಯ ಮಾಂಸ ಎಲ್ಲ ಸರಿಯಾಗಿವೆ. ಜೊವಿತಾಳ ಬೂಟು ಮಾತ್ರ ಕಾಲಿಗೆ ಹತ್ತಲಿಲ್ಲ. ಅವಳು ಬೆಳೆಯುತ್ತಾಳೆ ಅಮ್ಮ, ನಾನು ಕಳಿಸಿದ ಫೋಟೋದಲ್ಲೇ ನಿಂತಿಲ್ಲ. ಮೊಮ್ಮಗಳನ್ನು ಒಮ್ಮೆಯೂ ಕಣ್ಣಾರೆ ನೋಡದವಳು ನೀನು, ನಿನಗೆ ಅಳತೆ ಹೇಗೆ ತಿಳಿಯಬೇಕು! ಬೂಟು ಬೇಕೆಂದು ರಚ್ಚೆ ಹಿಡಿದು, ಹಿಮ್ಮಡಿ ತುಳಿದುಕೊಂಡೇ ಅಂಗಳವೆಲ್ಲ ಓಡಾಡಿದಳು.

ಈಗ ನೀನು ಕಾಯುತ್ತಿದ್ದ ಸುದ್ದಿ. ನಮ್ಮ ಸರದಿ ಬಂದಿದೆ. ಮನಿಲಾದಿಂದ, ಅಮೆರಿಕದ ದೂತಾವಾಸದವರ ಪತ್ರ ಹೋದ ತಿಂಗಳ ಕೊನೆಗೆ ಕೈಸೇರಿತು. ಜನವರಿಯಲ್ಲಿ ವೀಸಾ ಸಂದರ್ಶನ, ನನಗೂ ಜೊವಿತಾಳಿಗೂ. ಅಂಚೆಯವನು ಬೀದಿಯ ತುದಿಯಿಂದಲೇ "ಹವಾಯಿ ಬಂತು, ಹವಾಯಿ ಬಂತು!" ಎಂದು ಕೂಗಿಕೊಂಡು ಬಂದ. ಚಿಕ್ಕಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಹಂದಿ ಕಡಿಯೋಣ ಕಣೇ!" ಎಂದವಳು, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ನಾನು ಪತ್ರವನ್ನು ದೇವರ ಪಟದ ಹಿಂದೆ ಇಟ್ಟು, ನೆನೆಹಾಕಿದ್ದ ಬಟ್ಟೆ ಒಗೆಯಲು ಹೋದೆ. ಖುಷಿಯಾಗಲಿಲ್ಲ ಅಮ್ಮ. ಸುಳ್ಳು ಯಾಕೆ ಹೇಳಲಿ.

ಅವೆಲಿನೊ ವಿಷಯ ಫೋನಿನಲ್ಲಿ "ಹೋದ" ಎಂದಷ್ಟೇ ಹೇಳಿದ್ದೆ. ಆ ಕಡೆ ನಿನ್ನ ಹೋಟೆಲಿನ ಗೆಳತಿಯರ ಮಾತು ಕೇಳಿಸುತ್ತಿತ್ತು, ನೀನು "ದೇವರ ಇಚ್ಛೆ, ಸಮಾಧಾನ ಮಾಡ್ಕೊ" ಎಂದೆ, ಅಷ್ಟರಲ್ಲಿ ಲೈನು ಕಡಿದುಹೋಯಿತು. ನಿನಗೆ ಅವನು ಎಂದೂ ಹಿಡಿಸಲಿಲ್ಲ. "ಆ ಗಾಡಿಯವನು" ಎಂದೇ ನೀನು ಬರೆಯುತ್ತಿದ್ದೆ. ಹೌದು, ಬೈಕಿಗೆ ಪಕ್ಕಗಾಡಿ ಕಟ್ಟಿಕೊಂಡು ಬಾಡಿಗೆ ಓಡಿಸುತ್ತಿದ್ದವನು. ಆದರೆ ಹೆರಿಗೆ ನೋವಿನಲ್ಲಿ ನನ್ನನ್ನು ಅದೇ ಗಾಡಿಯಲ್ಲಿ ಲಾವಾಗ್ ಆಸ್ಪತ್ರೆಯವರೆಗೆ ಕರೆದುಕೊಂಡು ಹೋದವನು, ದಾರಿಯುದ್ದಕ್ಕೂ ಗುಂಡಿಗಳಿಗೆ ಶಾಪ ಹಾಕುತ್ತ ಹೋದವನು ಅವನೇ.

ಅಜ್ಜ ನಿನ್ನನ್ನು ಹವಾಯಿಗೆ ಕರೆಸಿಕೊಂಡಾಗ ಡಿಯೊನಿ ಸಣ್ಣವನು, ನಿನ್ನ ಕೈ ಹಿಡಿದು ಹಾರಿಹೋದ. ನಾನು ಇಪ್ಪತ್ತೊಂದು ದಾಟಿದ್ದೆನೆಂದು ಇಲ್ಲೇ ಉಳಿದೆ. ಬಸ್ಸು ಹತ್ತುವಾಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಲ್ಲಿಗೆ ಹೋದ ತಕ್ಷಣ ನಿನ್ನ ಹೆಸರಿಗೆ ಅರ್ಜಿ ಹಾಕ್ತೀನಿ. ಮದುವೆ ಗಿದುವೆ ಅಂತ ಮಾಡ್ಕೊಂಡೀಯಾ, ಜೋಕೆ! ಮದುವೆಯಾದ ದಿನವೇ ಅರ್ಜಿ ಸತ್ತೋಯ್ತು ಅಂತ ತಿಳ್ಕೊ." ನೀನೊಬ್ಬಳೇ ಅಲ್ಲ, ನಮ್ಮೂರಿನಲ್ಲಿ ಈ ಮಾತು ಹಾಲು ಕುಡಿಯುವ ಮಗುವಿಗೂ ಗೊತ್ತು. ಫೆರ್ಮಿನಾಳ ಮಗಳು ಬೇರೆ ಜಿಲ್ಲೆಗೆ ಹೋಗಿ ಕದ್ದು ಮದುವೆಯಾಗಿ, ಸಂದರ್ಶನದಲ್ಲಿ ಸಿಕ್ಕಿಬಿದ್ದು, ಅಳುತ್ತ ವಾಪಸು ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಅಂದಿನಿಂದ ಸರದಿಯಲ್ಲಿರುವ ಹೆಣ್ಣುಗಳು ನಾವು ಮದುವೆಯಾಗುವುದಿಲ್ಲ, ಸಂಸಾರ ಮಾತ್ರ ಮಾಡುತ್ತೇವೆ. ಸಂತೆಯಲ್ಲಿ ಮೀನಿನವಳು ನನ್ನನ್ನು ಕಂಡರೆ ಸಾಕು, "ಬಾರೇ ಹವಾಯಿ ಕನ್ಯೆ! ನಿನ್ನ ಗಂಡನಲ್ಲದ ಗಂಡನಿಗೆ ಒಳ್ಳೇ ಮೀನು ಬಂದಿದೆ" ಎಂದು ಕೂಗುತ್ತಿದ್ದಳು. ನಾನೂ ನಗುತ್ತಿದ್ದೆ. ಮಗಳನ್ನು ಎತ್ತಿಕೊಂಡು ನಿಂತ ಕನ್ಯೆ ನಗದೆ ಇನ್ನೇನು ಮಾಡಿಯಾಳು?

ಎರಡು ವರ್ಷದ ಹಿಂದೆ ನೀನು ಅಮೆರಿಕದ ಪೌರತ್ವ ಪಡೆದೆ. "ನಿನಗೋಸ್ಕರವೇ ಪರೀಕ್ಷೆಗೆ ಓದಿ ಪಾಸಾದೆ ಮಗಳೇ, ಇನ್ನು ಕೆಲಸ ಗಟ್ಟಿ" ಎಂದು ಬರೆದಿದ್ದೆ. ಅದನ್ನು ಓದಿ ಹೇಳಿದಾಗ ಅವೆಲಿನೊ, "ನಿಮ್ಮಮ್ಮ ಅಮೆರಿಕದ ರಾಣಿಯಾದ್ರೂ ನಮ್ಮ ಸರದಿ ಬಸವನಹುಳುನೇ. ಬಿಡು, ನೀನು ಅಲ್ಲಿಗೆ ಹೋಗಿ, ಬಂದು, ಚರ್ಚಲ್ಲಿ ನನ್ನ ಕಟ್ಕೊ. ಆಮೇಲೆ ನನ್ನನ್ನೂ ಕರೆಸ್ಕೊ. ಹಲ್ಲೆಲ್ಲ ಬಿದ್ದಿರುತ್ತೆ, ಅಷ್ಟೇ" ಎಂದ. ಅವನಿಗೆ ಎಲ್ಲವೂ ತಮಾಷೆ.

ಈ ಜುಲೈನಲ್ಲಿ ಅವನ ಕಣ್ಣು ಅರಿಸಿನವಾಯಿತು. ಕಾಮಾಲೆ ಎಂದು ಬೇರು ಅರೆದು ಕುಡಿಸಿದೆವು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೊಟ್ಟೆ ಬಿಗಿದುಕೊಂಡಿತ್ತು. ಪಿತ್ತಕೋಶದಲ್ಲಿ ಗಡ್ಡೆ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಚೆನ್ನಾಗಿ ನೋಡಿಕೊಳ್ಳಿ ಎಂದರೆ ಏನು ಅರ್ಥವೆಂದು ನನಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು.

ಮನೆಗೆ ಬಂದ ಮಾರನೆಯ ದಿನ, ಗಂಜಿ ಕುಡಿಸುತ್ತಿದ್ದೆ. ಕೈಹಿಡಿದು ಬಟ್ಟಲು ಕೆಳಗಿಡಿಸಿದ.

"ಪೆರ್ಲಿ, ಈಗಲಾದ್ರೂ ಮದುವೆ ಆಗೋಣ."

"ಹುಷಾರಾಗು ಮೊದಲು."

"ಹುಷಾರಾದ್ರೆ ಯಾರಿಗೆ ಬೇಕಿತ್ತು ಮದುವೆ! ಜೊವಿತಾಗೆ ನನ್ನ ಹೆಸರಿಲ್ಲ. ನಿನಗೂ ಇಲ್ಲ. ಗೋರಿ ಮೇಲೆ ನನ್ನವರು ಅಂತ ಯಾರ ಹೆಸರು ಕೆತ್ತಿಸ್ತಾರೆ?" ಎಂದು ನಕ್ಕ. ಹಲ್ಲು ಮಾತ್ರ ಬೆಳ್ಳಗಿತ್ತು ಅವನ ಮುಖದಲ್ಲಿ.

ಆವತ್ತೇ ನಿನಗೆ ಫೋನು ಮಾಡಿದ್ದು. ನೀನು ಅತ್ತುಬಿಟ್ಟೆ, ಬೈಯಲಿಲ್ಲ. "ಇನ್ನೇನು ಬಂದೇಬಿಡ್ತು ಮಗಳೇ. ಹನ್ನೊಂದು ವರ್ಷ ಕಾದಿದ್ದನ್ನ ಹೊಳೆಗೆ ಹಾಕ್ತೀಯಾ? ಅವನಂತೂ ಉಳಿಯಲ್ಲ, ನೀನು ಮಗುವನ್ನಾದ್ರೂ ದಡ ಸೇರಿಸು" ಎಂದೆ. ನಾನು ಹೂಂ ಎಂದೆ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ನೀನು ಹೇಳಿದ್ದರಿಂದ ಮಾಡಿದೆ ಎಂದು ನಾನು ಯಾರಿಗೂ ಹೇಳಿಲ್ಲ.

ಸೆಪ್ಟೆಂಬರಿನಲ್ಲಿ ಅವನು ನೀರನ್ನೂ ಕಕ್ಕತೊಡಗಿದ. ಪಾಪನಿವೇದನೆ ಮಾಡಬೇಕು, ಪರಮ ಪ್ರಸಾದ ಬೇಕು ಎಂದ. ಜೀವಮಾನವಿಡೀ ಚರ್ಚಿನ ಹೊರಗೆ ಗಾಡಿ ನಿಲ್ಲಿಸಿ ಸಿಗರೇಟು ಸೇದುತ್ತಿದ್ದವನು! ಫಾದರ್ ಕೊರ್ಪುಸ್ ಬಂದರು. ಒಳ್ಳೆಯವರು, ಒರಟಲ್ಲ. ನನ್ನನ್ನು ಅಂಗಳಕ್ಕೆ ಕರೆದು, "ನೋಡಮ್ಮಾ, ಮದುವೆಯಿಲ್ಲದೆ ಕೂಡಿ ಬಾಳ್ತಿರೋರಿಗೆ ನಾನು ಪ್ರಸಾದ ಕೊಡೋ ಹಾಗಿಲ್ಲ. ಸಾಯೋರಿಗೆ ಲೈಸೆನ್ಸು ಗೀಸೆನ್ಸು ಏನೂ ಬೇಡ, ಹಾಸಿಗೆ ಪಕ್ಕದಲ್ಲೇ ಈಗಲೇ ಮದುವೆ ಮಾಡಿಸಿಬಿಡ್ತೀನಿ. ಕಾಲು ಗಂಟೆ ಕೆಲಸ" ಎಂದರು.

"ಊರಕಚೇರಿಯಲ್ಲಿ ಬರೆಸ್ತೀರಾ ಫಾದರ್?"

"ಬರೆಸಲೇಬೇಕಲ್ಲಮ್ಮಾ."

"ಹಾಗಾದ್ರೆ ಆಗಲ್ಲ."

ಫಾದರ್ ಬೇಲಿಯವರೆಗೆ ನಡೆದು ತಿರುಗಿ ಬಂದರು. "ಇನ್ನೊಂದು ದಾರಿಯಿದೆ. ನೀನು ಈ ಮನೆ ಬಿಟ್ಟು ಬೇರೆ ಇರಬೇಕು. ನಾವಿಬ್ಬರೂ ಬೇರೆಯಾದ್ವಿ ಅಂತ ಅವನೂ ಒಪ್ಪಬೇಕು, ನೀನೂ ಒಪ್ಪಬೇಕು."

ಒಳಗೆ ಹೋಗಿ ಅವೆಲಿನೊಗೆ ಹೇಳಿದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ, "ಸರಿ ಹೋಗು. ಜೊವಿತಾ ವಿಮಾನ ಹತ್ತಲಿ" ಎಂದ. ಅಷ್ಟೇ ಅಮ್ಮ. ಜಗಳ ಆಡಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಒಂದು ತಮಾಷೆ ಮಾಡಿದ್ದರೆ ನಾನು ಎಲ್ಲವನ್ನೂ ಒಲೆಗೆ ಹಾಕಿ ಅಲ್ಲೇ ಕೂತುಬಿಡುತ್ತಿದ್ದೆನೋ ಏನೋ.

ಫಾದರ್ ಮುಂದೆ ಇಬ್ಬರೂ ಒಪ್ಪಿದೆವು, ಅವನಿಗೆ ಪ್ರಸಾದ ಸಿಕ್ಕಿತು. ನನ್ನ ಬಟ್ಟೆಗಳನ್ನು ಚೀಲಕ್ಕೆ ತುರುಕಿಕೊಂಡು ಚಿಕ್ಕಮ್ಮನ ಮನೆಗೆ ಬಂದೆ. ಅವನ ತಾಯಿ ಬಸಿಲಿಸಾ ಹಳ್ಳಿಯಿಂದ ಬಂದು ಅವನ ಪಕ್ಕ ಕೂತಳು. ನಾನು ಬೆಳಿಗ್ಗೆ ಗಂಜಿ ಕಾಯಿಸಿ ಬೇಲಿಯವರೆಗೆ ಒಯ್ದು ಜೊವಿತಾಳ ಕೈಲಿ ಒಳಗೆ ಕಳಿಸುತ್ತಿದ್ದೆ. ಮಾತು ಕೊಟ್ಟಿದ್ದೆನಲ್ಲ, ಒಳಗೆ ಹೋಗಲಿಲ್ಲ. "ಅಪ್ಪ ಏನಂದ?" ಎಂದರೆ "ಏನೂ ಅನ್ನಲಿಲ್ಲ, ನಿನ್ನಮ್ಮ ಉಂಡಳಾ ಅಂತ ಕೇಳಿದ" ಎನ್ನುತ್ತಿದ್ದಳು. ಹೀಗೇ ಒಂದು ವಾರ. ಒಂದು ಬೆಳಿಗ್ಗೆ ಬೇಲಿಯ ಹತ್ತಿರ ಹೋದರೆ, ಮನೆಯ ಮುಂದೆ ಕೊರಡಿಗೆ ಬೆಂಕಿ ಹಚ್ಚಿದ್ದರು. ಸಾವಿನ ಮನೆಯ ಬೆಂಕಿ. ಗಂಜಿಯ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ನಮ್ಮ ಪದ್ಧತಿ ನಿನಗೆ ನಾನು ಹೇಳಬೇಕೆ. ಹೆಣದ ತಲೆಯ ಬಳಿ ಹೆಂಡತಿ ಕಪ್ಪು ಮುಸುಕು ಹೊದ್ದು ಕೂತು, ಹಾಡಿಕೊಂಡು ಅಳಬೇಕು. ಆ ಜಾಗದಲ್ಲಿ ಬಸಿಲಿಸಾ ಕೂತಿದ್ದಳು. ನಾನು ಬಾಗಿಲ ಬಳಿ, ಬಂದ ನೆರೆಹೊರೆಯವರ ಜೊತೆ ಕೂತೆ. ಚಿಕ್ಕಮ್ಮ ತಡೆಯಲಾರದೆ, "ಆ ಮುಸುಕನ್ನ ಹುಡುಗಿಗೆ ಕೊಡೇ, ಎಂಟು ವರ್ಷ ಸಂಸಾರ ಮಾಡಿದ್ದಾಳೆ" ಎಂದಳು. ಬಸಿಲಿಸಾ ತಲೆ ಎತ್ತಲಿಲ್ಲ. "ನನ್ನ ಮಗ ಮದುವೆಯಾಗದವನು. ಪಾದ್ರಿಗಳ ಮುಂದೆ ಇವಳೇ ಹೇಳಿದ್ದಾಳೆ, ಕೇಳು" ಎಂದಳು. ಕೇಳುವುದೇನಿತ್ತು? ಅವಳ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ತಲೆ ತೊಳೆಯಲು ಎಲ್ಲರೂ ಹೊಳೆಗೆ ಹೋದೆವು. ಸುಟ್ಟ ಹುಲ್ಲಿನ ಬೂದಿನೀರು, ಕಬ್ಬಿನ ಹೆಂಡ ಎಲ್ಲ ತಂದಿದ್ದರು. ಮೊದಲು ಹೆಂಡತಿಯ ತಲೆಗೆ ಹಾಕಬೇಕು. ಹಿರಿಯ ಹೆಂಗಸು ಚೆಂಬು ಎತ್ತಿಕೊಂಡು ಆ ಕಡೆ ಈ ಕಡೆ ನೋಡಿದಳು. ಯಾರೂ ಮುಂದೆ ಬರಲಿಲ್ಲ, ಯಾರೂ ನನ್ನ ಹೆಸರು ಹೇಳಲಿಲ್ಲ. ಕೊನೆಗೆ ಬಸಿಲಿಸಾ ಜೊವಿತಾಳನ್ನು ಕರೆದು ಅವಳ ತಲೆಗೆ ಮೊದಲು ಹೊಯ್ದಳು. ಮಗು ಕಣ್ಣಿಗೆ ಬೂದಿ ಹೋಯಿತೆಂದು ಕಿರುಚಿತು. ನಾನು ಕೆಳಗಡೆ, ಎಮ್ಮೆಗಳು ನೀರಿಗಿಳಿಯುವ ಕಡೆ ಹೋಗಿ ನನ್ನ ತಲೆಯನ್ನು ನಾನೇ ತೊಳೆದುಕೊಂಡೆ. ಅದಕ್ಕೇ ಅಮ್ಮ, ಚರ್ಚಿಗೆ ಹೋಗುವುದಿಲ್ಲ. ಫಾದರ್ ಮುಖ ನೋಡಿದರೆ ಆ ಅಂಗಳವೇ ಕಣ್ಣಿಗೆ ಬರುತ್ತದೆ. ತಪ್ಪು ಅವರದಲ್ಲ.

ಮೊನ್ನೆ ಸತ್ತವರ ಹಬ್ಬಕ್ಕೆ ಗೋರಿಯ ಹತ್ತಿರ ಹೋಗಿದ್ದೆವು. ಅವನಿಗೆಂದು ಎಲೆಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬು, ಸಿಗರೇಟು ಇಟ್ಟೆ. ಬಸಿಲಿಸಾಳೂ ಬಂದಿದ್ದಳು. ಮಾತಾಡಲಿಲ್ಲ, ಆದರೆ ನಾನಿಟ್ಟ ಕಡುಬನ್ನು ತೆಗೆದು ಬಿಸಾಡಲೂ ಇಲ್ಲ. ಜೊವಿತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಿನ್ನನ್ನ ಹೊತ್ಕೊಂಡು ಹೋಗ್ತಾರಂತಲ್ಲೇ" ಎಂದು ಅತ್ತಳು. ಅವಳಿಗೂ ಇರುವುದು ಅದೊಂದೇ ಕುಡಿ.

ಜನವರಿಯಲ್ಲಿ ಎಲ್ಲ ಸರಿಹೋದರೆ ಬೇಸಿಗೆಯ ಹೊತ್ತಿಗೆ ನಿನ್ನ ಮುಂದೆ ಇರುತ್ತೇವೆ. ನೀನು ಬೇಯಿಸಿದ ಬದನೆ-ಹಾಗಲದ ಪಲ್ಯ ತಿನ್ನಬೇಕು ಎನಿಸುತ್ತದೆ. ನಿನ್ನ ಕೈಯಡುಗೆಯ ರುಚಿಯೇ ಮರೆತುಹೋಗಿದೆ. ನನಗೂ ನಿನ್ನ ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸ ಕೇಳಿಡು. ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಿಳಿಯಬೇಡ. ಡಿಯೊನಿ ಕುಡಿಯುತ್ತಿದ್ದಾನೆಂದು ಕೇಳಿದೆ, ನನ್ನ ಪರವಾಗಿ ಅವನ ಕಿವಿ ಹಿಂಡು. ನನ್ನ ಮೇಲೆ ನಿನ್ನ ಕೈಯಿರಲಿ. ದೇವಮಾತೆ ನಿನ್ನನ್ನು ನಾವು ಬರುವವರೆಗೆ, ಬಂದ ಮೇಲೆಯೂ, ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಮಗಳು,
ಪೆರ್ಲಿಟಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟಿದ್ದೆ. ಲಕೋಟೆ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಶುಕ್ರವಾರ ಲಾವಾಗ್‌ನಲ್ಲಿ ಒಬ್ಬ ವಕೀಲೆಯ ಹತ್ತಿರ ಹೋಗಿದ್ದೆ, ಸಂದರ್ಶನದಲ್ಲಿ ಅವೆಲಿನೊ ವಿಷಯ ಕೇಳಿದರೆ ಏನು ಹೇಳಬೇಕೆಂದು. ಎಲ್ಲ ಕೇಳಿ ಆಕೆ, "ನಿಮ್ಮ ತಾಯಿ ಪೌರಳಾಗಿದ್ದು ಯಾವಾಗ?" ಎಂದಳು. ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು. "ಮದುವೆಯಾದ್ರೆ ಅರ್ಜಿ ಸಾಯೋದು ತಾಯಿ ಬರೀ ಅಲ್ಲಿಯ ನಿವಾಸಿಯಾಗಿದ್ದಾಗ. ಪೌರಳಾದ ಮೇಲೆ ಸಾಯಲ್ಲ ಕಣಮ್ಮಾ, ಸರದಿ ಹಿಂದಕ್ಕೆ ಹೋಗುತ್ತೆ ಅಷ್ಟೇ. ಅದೂ ಗಂಡ ಇರೋವರೆಗೆ. ಅವರು ತೀರಿಕೊಂಡ ದಿನವೇ ನೀವು ಮತ್ತೆ ಇದೇ ಜಾಗಕ್ಕೆ, ಇದೇ ತಾರೀಖಿಗೆ ಬಂದು ನಿಲ್ತಿದ್ರಿ. ಇದೇ ಜನವರಿಗೇ ಕರೀತಿದ್ರು. ಯಾರೂ ಹೇಳಲಿಲ್ವಾ ನಿಮಗೆ?"

ನನಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ. ನಿನ್ನನ್ನು ದೂರುತ್ತಿಲ್ಲ. ಆದರೆ ಅವನ ವಿಧವೆಯಾಗಿ ಬರಬಹುದಿತ್ತಲ್ಲ, ಅಮ್ಮ.